ವೆಂಟಿಲೇಟರ್ ಮೇಲಿದ್ದಾಗ ಬರುವ ನ್ಯುಮೋನಿಯಾ: ತಡೆಯೋದು ಹೇಗೆ, ನಾವು ಕೇಳಬೇಕಾದ್ದು ಏನು?

ಇದು ಹೋದ ಭಾನುವಾರದ ವಿಡಿಯೋದ ಬರಹ ರೂಪ. ಮಾತಾಡುವ ಅವಸರದಲ್ಲಿ ಬಿಟ್ಟುಹೋದ ಕೆಲವು ಅಂಕಿಗಳನ್ನ ಇಲ್ಲಿ ಸೇರಿಸಿದ್ದೀನಿ. ಮೊದಲೇ ಹೇಳಿಬಿಡ್ತೀನಿ: ನಾನು ಡಾಕ್ಟರ್ ಅಲ್ಲ. ಎಂಟೆಕ್ ಮುಗಿಸಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು. ಹಾಗಾಗಿ ಇದನ್ನ ಚಿಕಿತ್ಸೆಯ ಸಲಹೆ ಅಂತ ತಗೋಬೇಡಿ. ಐಸಿಯು ಬಾಗಿಲಲ್ಲಿ ನಿಂತಿದ್ದಾಗ ನನಗೆ ಇದು ಗೊತ್ತಿರಬೇಕಿತ್ತು ಅಂತ ಆಮೇಲೆ ಅನ್ನಿಸಿತು, ಅದಕ್ಕೇ ಹೇಳ್ತಿದ್ದೀನಿ.

ಎರಡು ವರ್ಷದ ಹಿಂದಿನ ಮಳೆಗಾಲ. ಬೆಳಗಿನ ಜಾವ ಊರಿಂದ ಫೋನು. ಹಾವೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ದೊಡ್ಡಪ್ಪನಿಗೆ ರಾತ್ರಿ ಹಾವು ಕಚ್ಚಿತ್ತು. ಕಟ್ಟುಹಾವು. ಇದು ಕಚ್ಚಿದ ಜಾಗದಲ್ಲಿ ಅಂಥಾ ನೋವಿರಲ್ಲ, ಊತವೂ ಕಾಣಲ್ಲ. ವಿಷ ಹೋಗಿ ನರ ಮತ್ತು ಸ್ನಾಯುಗಳ ನಡುವಿನ ಸಂಪರ್ಕ ಕಡಿಯುತ್ತೆ. ಮೊದಲು ಕಣ್ಣಿನ ರೆಪ್ಪೆ ಜೋತು ಬೀಳುತ್ತೆ, ಆಮೇಲೆ ಎಂಜಲು ನುಂಗೋಕೂ ಆಗಲ್ಲ, ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ಸುಮ್ಮನಾಗುತ್ತವೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನ ಮಗ ಮತ್ತೆ ಫೋನ್ ಮಾಡಿದ. "ಅಣ್ಣಾ, ಹಾವಿನ ಇಂಜೆಕ್ಷನ್ ಕೊಟ್ಟಾರ. ಆದ್ರ ಉಸಿರು ಸಾಲವಲ್ದು ಅಂದ್ರು. ಹುಬ್ಬಳ್ಳಿಗೆ ಕರಕೊಂಡು ಬಂದೇವಿ. ಅಪ್ಪಗ ವೆಂಟಿಲೇಟರ್ ಹಾಕ್ಯಾರ."

ಆ ರಾತ್ರಿ ವಾಕಡ್‌ನಲ್ಲಿ ಬಸ್ಸು ಹತ್ತಿದೆ. ಊರಿಂದ ದೂರ ಇರುವ ನಮ್ಮಂಥವರಿಗೆಲ್ಲ ಇಂಥ ಒಂದು ರಾತ್ರಿಯ ಬಸ್ಸು ಗೊತ್ತಿರುತ್ತೆ.

ಇಲ್ಲಿ ಒಂದು ಮಾತು ಗಮನಿಸಿ. ದೊಡ್ಡಪ್ಪ ಬೀಡಿ ಸೇದೋರಲ್ಲ, ದಮ್ಮು ಇರಲಿಲ್ಲ. ಆಸ್ಪತ್ರೆಗೆ ಹೋದ ದಿನದ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಚೊಕ್ಕವಾಗಿದ್ದವು. ನಾಲ್ಕನೇ ದಿನ ಜ್ವರ ಬಂತು. ಟ್ಯೂಬಿನಿಂದ ಬರುತ್ತಿದ್ದ ಕಫ ಹಳದಿಯಾಗಿ ದಪ್ಪಗಾಯ್ತು. ಎಕ್ಸ್‌ರೇಯಲ್ಲಿ ಬಲಗಡೆ ಬಿಳಿ ಮಚ್ಚೆ. ಡಾಕ್ಟರು ಹೇಳಿದ್ದು: "ವಿಷದ ಪರಿಣಾಮ ಇಳೀತಿದೆ. ಆದರೆ ಈಗ ವ್ಯಾಪ್ ಆಗಿದೆ."

ಕೆಲಸದಲ್ಲಿ ವ್ಯಾಪ್ ಅಂದ್ರೆ ನನಗೆ ಬೇರೇನೋ ಅರ್ಥ. ಇಲ್ಲಿ ಅದರರ್ಥ ವೆಂಟಿಲೇಟರ್ ಜೊತೆಗೆ ಅಂಟಿಕೊಂಡು ಬರುವ ನ್ಯುಮೋನಿಯಾ. ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಶುರುವಾಗುವ ಶ್ವಾಸಕೋಶದ ಸೋಂಕಿಗೆ ಈ ಹೆಸರು. ಅಂದ್ರೆ ರೋಗಿ ಇದನ್ನ ಮನೆಯಿಂದ ತಂದಿರಲ್ಲ. ಜೀವ ಉಳಿಸೋಕೆ ಹಾಕಿದ ಟ್ಯೂಬಿನ ದಾರಿಯಲ್ಲೇ ಇದು ಬರೋದು.

ಟ್ಯೂಬು ಮಾಡುವ ಕೆಲಸ, ಟ್ಯೂಬು ಕೆಡಿಸುವ ಕೆಲಸ

ಊಟ ಮಾಡುವಾಗ ನೆತ್ತಿಗೆ ಹತ್ತಿದರೆ ಏನಾಗುತ್ತೆ? ಯಾರೋ ನೆನೆಸ್ಕೊಂಡ್ರು ಅಂತ ಅಜ್ಜಿ ತಲೆ ತಟ್ತಾಳೆ. ನಿಜಕ್ಕೂ ಆಗಿದ್ದು ಇಷ್ಟು: ಒಂದು ಅನ್ನದ ಅಗುಳೋ ನೀರಿನ ಹನಿಯೋ ಅನ್ನನಾಳ ಬಿಟ್ಟು ಶ್ವಾಸನಾಳದ ಕಡೆ ಹೊರಟಿತ್ತು, ದೇಹ ಅದನ್ನ ಕೆಮ್ಮಿ ಹೊರಗೆ ಹಾಕಿತು. ಗಂಟಲಲ್ಲಿ ಒಂದು ಮುಚ್ಚಳ, ಅದರ ಕೆಳಗೆ ಮುಚ್ಚಿಕೊಳ್ಳುವ ಧ್ವನಿತಂತುಗಳು, ಅದರ ಕೆಳಗೆ ಕೆಮ್ಮು. ಮೂರು ಕಾವಲು.

ವೆಂಟಿಲೇಟರ್ ಟ್ಯೂಬ್ ಬಾಯಿಂದ ಹೋಗಿ ಈ ಮೂರನ್ನೂ ದಾಟಿ ಶ್ವಾಸನಾಳದೊಳಗೆ ಕೂರುತ್ತೆ. ಮುಚ್ಚಳ ಮುಚ್ಚೋಕಾಗಲ್ಲ. ಧ್ವನಿತಂತುಗಳ ನಡುವೆಯೇ ಪ್ಲಾಸ್ಟಿಕ್ ನಳಿಗೆ ಇದೆ. ನಿದ್ದೆ ಔಷಧಿಯಿಂದ ಕೆಮ್ಮು ಮಂಕಾಗಿರುತ್ತೆ, ದೊಡ್ಡಪ್ಪನಿಗಂತೂ ವಿಷದಿಂದ ಕೆಮ್ಮೋ ಶಕ್ತಿಯೇ ಇರಲಿಲ್ಲ. ಕಾವಲಿನವರು ಮೂವರೂ ರಜೆ.

ಟ್ಯೂಬಿನ ತುದಿಯ ಹತ್ತಿರ ಒಂದು ಪುಟ್ಟ ಬಲೂನು ಇರುತ್ತೆ. ಡಾಕ್ಟರು ಅದಕ್ಕೆ ಕಫ್ ಅಂತಾರೆ, ನಮ್ಮ ಕಫಕ್ಕೂ ಅದಕ್ಕೂ ಸಂಬಂಧ ಇಲ್ಲ. ಗೊಂದಲ ಬೇಡ ಅಂತ ನಾನು ಬಲೂನು ಅಂತಲೇ ಕರೀತೀನಿ. ಗಾಳಿ ತುಂಬಿದಾಗ ಅದು ಉಬ್ಬಿ ಶ್ವಾಸನಾಳದ ಗೋಡೆಗೆ ಒತ್ತಿ ಕೂರುತ್ತೆ. ವೆಂಟಿಲೇಟರ್ ತಳ್ಳಿದ ಗಾಳಿ ಮೇಲಕ್ಕೆ ಸೋರದೆ ಶ್ವಾಸಕೋಶಕ್ಕೇ ಹೋಗಲಿ ಅಂತ ಈ ಏರ್ಪಾಡು. ಬಾಯಿ ಗಂಟಲಿನ ಜೊಲ್ಲು ಕೆಳಗಿಳಿದು ಇದೇ ಬಲೂನಿನ ಮೇಲೆ, ಕೆರೆ ಏರಿಗೆ ನೀರು ನಿಂತ ಹಾಗೆ, ನಿಲ್ಲುತ್ತೆ. ಏರಿ ಎಷ್ಟೇ ಗಟ್ಟಿ ಇದ್ದರೂ ಜಿನುಗುತ್ತೆ ಅಲ್ವಾ? ಬಲೂನಿನ ಮಡಿಕೆಗಳ ಸಂದಿಯಿಂದ ಹನಿ ಹನಿಯಾಗಿ ಜಾರಿ ಶ್ವಾಸಕೋಶ ಸೇರುತ್ತೆ. ವ್ಯಾಪ್‌ಗೆ ಮುಖ್ಯ ದಾರಿ ಇದು. ಟ್ಯೂಬಿನ ಒಳಮೈಗೂ ಸೂಕ್ಷ್ಮಜೀವಿಗಳ ಅಂಟು ಪದರ ಕಟ್ಟುತ್ತೆ, ಅಲ್ಲಿ ಆಂಟಿಬಯೋಟಿಕ್ ಸುಲಭಕ್ಕೆ ತಲುಪಲ್ಲ.

ಆ ಜೊಲ್ಲಿನಲ್ಲಿ ಇರೋದು ಯಾರ ಸೂಕ್ಷ್ಮಜೀವಿ? ಬಹುಪಾಲು ರೋಗಿಯ ಬಾಯಿಯದೇ. ಆದರೆ ತೀವ್ರ ಕಾಯಿಲೆ ಬಿದ್ದ ಕೆಲವೇ ದಿನಗಳಲ್ಲಿ ಬಾಯಿಯ ಸಾಮಾನ್ಯ ಜೀವಿಗಳ ಜಾಗವನ್ನ ಆಸ್ಪತ್ರೆಯ ಜೀವಿಗಳು ಹಿಡಿದುಬಿಡುತ್ತವೆ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಅವು ಹೋಗುವ ದೊಡ್ಡ ವಾಹನ ಅಂದ್ರೆ ಕೈ. ನಮ್ಮ ದೇಶದ ಐಸಿಯುಗಳಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಅನ್ನೋ ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಇವುಗಳಲ್ಲಿ ಹಲವು ತಳಿಗಳು ಕಾರ್ಬಪೆನಮ್ ವರ್ಗದ ದುಬಾರಿ ಆಂಟಿಬಯೋಟಿಕ್‌ಗಳಿಗೂ ಜಗ್ಗಲ್ಲ. ಆಗ ಕೊಲಿಸ್ಟಿನ್‌ನಂಥ ಹಳೆಯ ಔಷಧಿ ಹೊರಗೆ ತೆಗೀಬೇಕು, ಅದು ಕಿಡ್ನಿಗೆ ಹೊರೆ. ದೊಡ್ಡಪ್ಪನಿಗೆ ಅದನ್ನೇ ಕೊಟ್ಟರು. ದಿನಾ ಬೆಳಿಗ್ಗೆ ಕ್ರಿಯಾಟಿನಿನ್ ರಿಪೋರ್ಟಿಗೆ ಕಾಯೋದು ನಮ್ಮ ಕೆಲಸವಾಯ್ತು.

ಹಾಗಾದ್ರೆ ಮುಂಚೆನೇ ಎಲ್ಲರಿಗೂ ಆಂಟಿಬಯೋಟಿಕ್ ಕೊಟ್ಟುಬಿಟ್ರೆ ಆಯ್ತಲ್ಲ ಅಂತ ನಾನೂ ಕೇಳಿದ್ದೆ. ನೆದರ್‌ಲ್ಯಾಂಡ್ಸ್‌ನಂಥ ದೇಶದಲ್ಲಿ ಬಾಯಿಗೆ, ಹೊಟ್ಟೆಗೆ ಆಂಟಿಬಯೋಟಿಕ್ ಹಾಕುವ ಪದ್ಧತಿ ಇದೆ. ಅಲ್ಲಿ ಔಷಧಿಗೆ ಜಗ್ಗದ ತಳಿಗಳು ಕಡಿಮೆ. ಅವೇ ತುಂಬಿರುವ ನಮ್ಮಲ್ಲಿ ಹಾಗೆ ಮಾಡೋದು ಉರಿಯೋ ಬೆಂಕಿಗೆ ತುಪ್ಪ ಹಾಕಿದಂತೆ ಆಗಬಹುದು. ಅದಕ್ಕೇ ತಡೆಯುವ ಕೆಲಸ ಔಷಧಿಗಿಂತ ಹೆಚ್ಚಾಗಿ ದಿನನಿತ್ಯದ ಆರೈಕೆಯ ಮೇಲೆ ನಿಂತಿದೆ.

ಮೊದಲ ಕೆಲಸ: ಟ್ಯೂಬ್ ಬೇಗ ಹೊರಗೆ

ಟ್ಯೂಬೇ ದಾರಿ ಅಂದಮೇಲೆ, ಟ್ಯೂಬ್ ಹಾಕದೇ ಇರೋದು ಎಲ್ಲಕ್ಕಿಂತ ಒಳ್ಳೇದು. ಎಲ್ಲರಿಗೂ ಅದು ಸಾಧ್ಯ ಇಲ್ಲ. ಆದರೆ ಹಳೇ ದಮ್ಮು ಇರುವ ಕೆಲವರಿಗೆ ಬಿಗಿಯಾದ ಮಾಸ್ಕಿನಿಂದ, ಇನ್ನು ಕೆಲವರಿಗೆ ಮೂಗಿನಿಂದ ಜೋರಾಗಿ ಆಮ್ಲಜನಕ ಕೊಟ್ಟು ನಿಭಾಯಿಸೋಕಾಗುತ್ತೆ. ಯಾರಿಗೆ ಯಾವುದು ಅನ್ನೋದು ಡಾಕ್ಟರ ತೀರ್ಮಾನ.

ಹಾಕಲೇಬೇಕಾದರೆ, ಒಂದು ದಿನವೂ ಹೆಚ್ಚಿಗೆ ಇರಬಾರದು. ಇಲ್ಲಿ ನಿದ್ದೆ ಔಷಧಿಯ ಪಾತ್ರ ದೊಡ್ಡದು. ಟ್ಯೂಬ್ ತಡ್ಕೊಳ್ಳೋದು ಹಿಂಸೆ, ಅದಕ್ಕೆ ಮಂಪರು ಬರಿಸುವ ಔಷಧಿ ಸತತವಾಗಿ ಹನಿಸ್ತಾರೆ. ದಿನಗಟ್ಟಲೆ ಹಾಗೇ ಬಿಟ್ಟರೆ ಔಷಧಿ ಮೈಯಲ್ಲಿ ಶೇಖರ ಆಗುತ್ತೆ. ಶ್ವಾಸಕೋಶ ತಯಾರಾಗಿದ್ದರೂ ಮನುಷ್ಯ ಎಚ್ಚರ ಆಗಲ್ಲ. 2000ನೇ ಇಸವಿಯಲ್ಲಿ ಶಿಕಾಗೋದ ವೈದ್ಯರು 128 ರೋಗಿಗಳ ಮೇಲೆ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅರ್ಧ ಜನರಿಗೆ ದಿನಕ್ಕೊಮ್ಮೆ ನಿದ್ದೆ ಔಷಧಿ ಪೂರ್ತಿ ನಿಲ್ಲಿಸಿ, ಎಚ್ಚರ ಆಗ್ತಾರಾ ನೋಡಿದರು. ಉಳಿದವರಿಗೆ ಎಂದಿನಂತೆ. ವೆಂಟಿಲೇಟರ್ ಮೇಲಿದ್ದ ಅವಧಿಯ ನಡುವಿನ ಅಂಕಿ 7.3 ದಿನದಿಂದ 4.9 ದಿನಕ್ಕೆ ಇಳಿಯಿತು. ಹೊಸ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ. ದಿನಕ್ಕೊಮ್ಮೆ ಒಂದು ಪಂಪ್ ಆಫ್ ಮಾಡಿ ನೋಡಿದ್ದು ಅಷ್ಟೇ.

2008ರಲ್ಲಿ ಅಮೆರಿಕದ ನಾಲ್ಕು ಆಸ್ಪತ್ರೆಗಳ 336 ರೋಗಿಗಳ ಅಧ್ಯಯನ ಬಂತು. ಇಲ್ಲಿ ಎರಡು ಪರೀಕ್ಷೆಗಳನ್ನ ಜೋಡಿಸಿದ್ದರು. ಬೆಳಿಗ್ಗೆ ನಿದ್ದೆ ಔಷಧಿ ನಿಲ್ಲಿಸೋದು ಒಂದು, ಎಚ್ಚರ ಆದಮೇಲೆ ಯಂತ್ರದ ಸಹಾಯ ತಗ್ಗಿಸಿ ಸ್ವಂತ ಉಸಿರಾಡಿಸಿ ನೋಡೋದು ಇನ್ನೊಂದು. ಹೀಗೆ ಮಾಡಿದ ಗುಂಪಿನವರು ಬೇಗ ವೆಂಟಿಲೇಟರಿನಿಂದ ಹೊರಬಂದದ್ದಷ್ಟೇ ಅಲ್ಲ, ವರ್ಷದ ನಂತರ ಲೆಕ್ಕ ಹಾಕಿದಾಗ ಪ್ರತಿ ಏಳು ರೋಗಿಗಳಿಗೆ ಒಂದು ಜೀವ ಹೆಚ್ಚಿಗೆ ಉಳಿದಿತ್ತು.

ಈಗ ಹೊರರಾಜ್ಯದಲ್ಲಿರುವ ನಮಗೆ ಮಾತ್ರ ಸಂಬಂಧಪಟ್ಟ ಒಂದು ಮಾತು. ನಿದ್ದೆ ಔಷಧಿ ನಿಲ್ಲಿಸಿದ ಮೇಲೆ ಎಚ್ಚರ ಆಗಿದ್ದಾರಾ ಅಂತ ನೋಡೋದು ಹೇಗೆ? ಸಿಸ್ಟರ್ ಬಂದು "ಕಣ್ಣು ಬಿಡಿ, ನನ್ನ ಕೈ ಹಿಡೀರಿ, ನಾಲಿಗೆ ಚಾಚಿ" ಅಂತಾರೆ. ಹೈದರಾಬಾದಿನಲ್ಲಿ ತೆಲುಗಲ್ಲಿ, ಚೆನ್ನೈನಲ್ಲಿ ತಮಿಳಲ್ಲಿ, ಪುಣೆಯಲ್ಲಿ ಮರಾಠಿ ಅಥವಾ ಹಿಂದಿಯಲ್ಲಿ. ಮಗನ ಮನೆಗೆ ಅಂತ ಬಂದು ಅಲ್ಲಿ ಐಸಿಯು ಸೇರಿದ ನಮ್ಮ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಟ್ಯೂಬ್ ಇರೋದ್ರಿಂದ "ತಿಳೀಲಿಲ್ಲ" ಅನ್ನೋಕೂ ಬರಲ್ಲ. ಆಕೆ ಸುಮ್ಮನಿದ್ದರೆ "ಹೇಳಿದ ಮಾತು ಪಾಲಿಸುತ್ತಿಲ್ಲ" ಅಂತ ಕೇಸ್‌ಶೀಟಿನಲ್ಲಿ ಬರೆಯುವ ಸಾಧ್ಯತೆ ಇದೆ. ಅದಕ್ಕೆ ಒಂದು ಹಾಳೆಯಲ್ಲಿ ಈ ನಾಲ್ಕೈದು ಕನ್ನಡ ಮಾತುಗಳನ್ನ ಆ ಊರಿನ ಲಿಪಿಯಲ್ಲಿ ದೊಡ್ಡದಾಗಿ ಬರೆದು ಸಿಸ್ಟರ್ ಕೈಗೆ ಕೊಡಿ. ಕನ್ನಡಕ, ಕಿವಿಯ ಯಂತ್ರ ಇದ್ದರೆ ಅದನ್ನೂ ಕೊಡಿ. ಸಾಧ್ಯವಾದರೆ ಆ ಹೊತ್ತಿಗೆ ನೀವೇ ಒಳಗೆ ಹೋಗೋಕೆ ಅನುಮತಿ ಕೇಳಿ.

ದೊಡ್ಡಪ್ಪನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕಟ್ಟುಹಾವಿನ ವಿಷ ಸ್ನಾಯುಗಳನ್ನ ಕಟ್ಟಿಹಾಕುತ್ತೆ, ಪ್ರಜ್ಞೆಯನ್ನಲ್ಲ. ರೆಪ್ಪೆ ಎತ್ತೋಕಾಗದ ಮನುಷ್ಯ ಒಳಗೆ ಎಚ್ಚರವಾಗಿಯೇ ಇರಬಹುದು. ಎರಡನೇ ದಿನ ಒಬ್ಬ ಸಿಸ್ಟರ್ ನನಗೆ, "ಸುಮ್ನ ನಿಂದರಬ್ಯಾಡ್ರಿ, ಮಾತಾಡ್ಸ್ರಿ. ಅಜ್ಜಾರಿಗೆ ಕೇಳಿಸ್ತದ" ಅಂದರು. ನಾನು ಎತ್ತುಗಳ ಸುದ್ದಿ ಹೇಳಿದೆ, ಮಳೆ ಸುದ್ದಿ ಹೇಳಿದೆ. ಮುಚ್ಚಿದ ಕಣ್ಣಿನ ಮೂಲೆಯಿಂದ ನೀರು ಬಂತು.

ಎರಡನೇ ಕೆಲಸ: ತಲೆ ಮೇಲೆ

ಪೂರ್ತಿ ಅಂಗಾತ ಮಲಗಿಸಿದರೆ ಹೊಟ್ಟೆಯಲ್ಲಿರೋದು ಗಂಟಲಿಗೆ ಬರುತ್ತೆ, ಗಂಟಲಲ್ಲಿರೋದು ಶ್ವಾಸನಾಳಕ್ಕೆ ಜಾರುತ್ತೆ. ಅದಕ್ಕೇ ಬೇರೆ ತೊಂದರೆ ಇಲ್ಲದಿದ್ದರೆ ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರಿಸಿ ಇಡಬೇಕು. 30 ಡಿಗ್ರಿ ಅಂದ್ರೆ ಎಷ್ಟು ಅನ್ನೋಕೆ ಗೋಡೆ ಗಡಿಯಾರ ನೋಡಿ. 9ರಲ್ಲಿ ಅಡ್ಡಕ್ಕಿರುವ ಮುಳ್ಳು 10ಕ್ಕೆ ಬಂದರೆ 30 ಡಿಗ್ರಿ, 10 ಮತ್ತು 11ರ ನಟ್ಟನಡುವೆ ಬಂದರೆ 45. ನಮ್ಮ ಅಂದಾಜು ಸಾಮಾನ್ಯವಾಗಿ ತಪ್ಪುತ್ತೆ, 20 ಡಿಗ್ರಿಯನ್ನೇ ನಾವು ಬಹಳ ಎತ್ತರ ಅಂದುಕೊಳ್ತೀವಿ.

1999ರಲ್ಲಿ ಬಾರ್ಸಿಲೋನಾದ ತಂಡ 86 ರೋಗಿಗಳಲ್ಲಿ ಇದನ್ನ ಪರೀಕ್ಷಿಸಿತು. ಅಂಗಾತ ಮಲಗಿಸಿದವರಲ್ಲಿ 34 ಶೇಕಡಾ ಜನರಿಗೆ ನ್ಯುಮೋನಿಯಾದ ಲಕ್ಷಣ ಕಂಡವು. 45 ಡಿಗ್ರಿಯಲ್ಲಿ ಮಲಗಿಸಿದವರಲ್ಲಿ 8 ಶೇಕಡಾ. ವ್ಯತ್ಯಾಸ ಎಷ್ಟು ದೊಡ್ಡದಿತ್ತು ಅಂದ್ರೆ ಅಧ್ಯಯನವನ್ನ ಅರ್ಧಕ್ಕೇ ನಿಲ್ಲಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರ್ತಿತ್ತು. 2006ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 221 ರೋಗಿಗಳ ಮೇಲೆ ಅದನ್ನೇ ಮಾಡಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಯಾಕೆ? ಆ ತಂಡ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿತ್ತು: ಹಾಸಿಗೆಗೆ ಕೋನ ಅಳೆಯುವ ಸಾಧನ ಜೋಡಿಸಿ, ನಿಜಕ್ಕೂ ಎಷ್ಟು ಎತ್ತರ ಇದೆ ಅಂತ ದಾಖಲಿಸಿತ್ತು. ಆದೇಶ 45 ಡಿಗ್ರಿ. ಮೊದಲ ದಿನ ಸಿಕ್ಕ ಸರಾಸರಿ 28. ಏಳನೇ ದಿನಕ್ಕೆ ಸುಮಾರು 23. ರೋಗಿ ಜಾರಿರ್ತಾರೆ, ಬಟ್ಟೆ ಬದಲಿಸೋಕೆ ಇಳಿಸಿರ್ತಾರೆ, ಎಕ್ಸ್‌ರೇಗೆ ಇಳಿಸಿರ್ತಾರೆ, ಮತ್ತೆ ಎತ್ತೋದು ಮರೆತಿರುತ್ತೆ. ಕಾಗದದ ಮೇಲೆ 45, ಹಾಸಿಗೆಯ ಮೇಲೆ 23. ಪ್ರೊಡಕ್ಷನ್‌ನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸದಲ್ಲ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಎರಡನೇ ದಿನ ನಾನು ಒಳಗೆ ಹೋದಾಗ ಹಾಸಿಗೆ ಎತ್ತರವಾಗಿಯೇ ಇತ್ತು. ದೊಡ್ಡಪ್ಪನ ಕುತ್ತಿಗೆ ಒಂದು ಕಡೆ ವಾಲಿತ್ತು, ಮೈ ಕೆಳಗೆ ಜಾರಿತ್ತು. ನೋಡೋಕಾಗಲಿಲ್ಲ. "ಸಿಸ್ಟರ್, ಕುತ್ತಿಗೆ ನೋಯ್ತದೇನೋ, ಸ್ವಲ್ಪ ಇಳಿಸ್ರೀ" ಅಂದೆ. ಅವರು "ಹಂಗ ಇಳಿಸಬಾರದ್ರೀ" ಅಂದರು. ನಾನು ಮತ್ತೆ ಹೇಳಿದೆ, ಸ್ವಲ್ಪ ದನಿ ಏರಿಸಿಯೇ ಹೇಳಿದೆ. ಅವರಿಗೆ ಆ ಪಾಳಿಯಲ್ಲಿ ಇನ್ನೂ ಇಬ್ಬರು ರೋಗಿಗಳಿದ್ದರು. ಇಳಿಸಿದರು. ಸಂಜೆ ಹೋದಾಗಲೂ ಹಾಸಿಗೆ ಹಾಗೇ ಇತ್ತು, ನನಗೆ ಸಮಾಧಾನವಾಯ್ತು.

ಆ ಒಂದು ದಿನದಿಂದಲೇ ಸೋಂಕು ಬಂತು ಅಂತ ಯಾರೂ ಹೇಳೋಕಾಗಲ್ಲ. ವ್ಯಾಪ್‌ಗೆ ಒಂದೇ ಕಾರಣ ಇರಲ್ಲ. ಆದರೆ ನಾನು ಕೇಳಬೇಕಾಗಿದ್ದ ಮಾತು "ಇಳಿಸಿ" ಅಂತ ಅಲ್ಲ. "ಮೇಲಕ್ಕೆ ಎಳೆದು, ತಲೆಗೆ ಆಸರೆ ಕೊಟ್ಟು ನೇರ ಮಾಡಿ" ಅಂತ ಕೇಳಬೇಕಿತ್ತು.

ಮೂರನೇ ಕೆಲಸ: ಬಾಯಿ

ಸೋಂಕಿನ ಮೂಲ ಬಾಯಿ ಆದ್ದರಿಂದ ಬಾಯಿ ಶುಚಿ ಮುಖ್ಯ. ಬಹಳ ವರ್ಷ ಇದನ್ನ ಕ್ಲೋರ್‌ಹೆಕ್ಸಿಡಿನ್ ಅನ್ನೋ ದ್ರಾವಣದಿಂದ ಮಾಡ್ತಿದ್ದರು. ಮೆಡಿಕಲ್ ಶಾಪಿನಲ್ಲಿ ಬಾಯಿ ಮುಕ್ಕಳಿಸೋಕೆ ಸಿಗುತ್ತಲ್ಲ, ಅದೇ. ಆಮೇಲೆ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಅನುಮಾನ ಬಂತು: ಲಾಭ ಖಚಿತ ಇಲ್ಲ, ಸಾವಿನ ಪ್ರಮಾಣ ಸ್ವಲ್ಪ ಹೆಚ್ಚಿಸುವ ಸಾಧ್ಯತೆಯೂ ಇದೆ. 2022ರಲ್ಲಿ ಅಮೆರಿಕದ ಸೋಂಕು ತಡೆ ತಜ್ಞರ ಸಂಘಗಳು ಒಟ್ಟಾಗಿ ತಂದ ಮಾರ್ಗಸೂಚಿ ಕ್ಲೋರ್‌ಹೆಕ್ಸಿಡಿನ್ ಬೇಡ, ಬ್ರಷ್ ಮಾಡಿ ಅಂತ ಹೇಳಿತು. 2023ರ ಕೊನೆಯಲ್ಲಿ ಬಾಸ್ಟನ್ನಿನ ಸಂಶೋಧಕರು 15 ಪ್ರಯೋಗಗಳನ್ನ ಸೇರಿಸಿ ಲೆಕ್ಕ ಹಾಕಿದರು. ದಿನಾ ಹಲ್ಲುಜ್ಜಿಸಿದವರಲ್ಲಿ ಆಸ್ಪತ್ರೆಯಲ್ಲಿ ಬರುವ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಡಿಮೆ, ಐಸಿಯು ಸಾವೂ ಕಡಿಮೆ. ಲಾಭ ಹೆಚ್ಚಾಗಿ ಕಂಡದ್ದು ವೆಂಟಿಲೇಟರ್ ಮೇಲಿದ್ದವರಲ್ಲೇ. ದಿನಕ್ಕೆ ಎರಡು ಸಲ ಸಾಕು, ಮೂರು ಸಲ ಉಜ್ಜಿದರೆ ಹೆಚ್ಚಿನ ಲಾಭ ಇಲ್ಲ.

ಲಕ್ಷಗಟ್ಟಲೆ ಬಿಲ್ಲಿನ ಜಾಗದಲ್ಲಿ ಇಪ್ಪತ್ತು ಮೂವತ್ತು ರೂಪಾಯಿಯ ಟೂತ್‌ಬ್ರಷ್. ನಾವು ಹೊರಗಿನಿಂದ ಕೊಡಬಹುದಾದ ವಸ್ತು ಏನಾದರೂ ಇದ್ದರೆ ಅದು ಇದು. ಮೃದು ಎಳೆಯ, ಸಣ್ಣ ತಲೆಯ ಬ್ರಷ್ ಒಂದು. ಉಜ್ಜೋದು ಮಾತ್ರ ಸಿಸ್ಟರ್ ಕೆಲಸ, ನಾವು ಕೈ ಹಾಕಬಾರದು. ಟ್ಯೂಬ್ ಅಲ್ಲಾಡಿದರೆ ಅಪಾಯ.

ಕಣ್ಣಿಗೆ ಕಾಣದ ಉಳಿದ ಕೆಲಸಗಳು

ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು ಇರಬೇಕು. ಅಂದ್ರೆ ಹೆಚ್ಚುಕಡಿಮೆ ಒಂದು ಗೇಣು ನೀರು ತಳಕ್ಕೆ ಹಾಕುವಷ್ಟು ಒತ್ತಡ. ಕಡಿಮೆಯಾದರೆ ಜೊಲ್ಲು ಸೋರುತ್ತೆ, ಹೆಚ್ಚಾದರೆ ಶ್ವಾಸನಾಳದ ಗೋಡೆಗೆ ರಕ್ತ ಹೋಗದೆ ಗಾಯವಾಗುತ್ತೆ. ಬಲೂನಿನ ಮೇಲೆ ನಿಂತ ಜೊಲ್ಲನ್ನ ಹೀರಿ ತೆಗೆಯೋಕೆ ಪ್ರತ್ಯೇಕ ಕಿರುನಳಿಗೆ ಇರುವ ಟ್ಯೂಬುಗಳೂ ಇವೆ. ಎರಡು ಮೂರು ದಿನಕ್ಕಿಂತ ಹೆಚ್ಚು ಟ್ಯೂಬ್ ಬೇಕಾಗಬಹುದು ಅನ್ನೋರಿಗೆ ಅವು ಉಪಯೋಗ. ಬೆಲೆ ಜಾಸ್ತಿ, ಎಲ್ಲ ಕಡೆ ಇರಲ್ಲ.

ವೆಂಟಿಲೇಟರಿನ ಪೈಪುಗಳನ್ನ ದಿನಾ ಬದಲಿಸಬೇಕು ಅಂತ ನಮಗೆ ಅನ್ನಿಸುತ್ತೆ. ಬೇಕಿಲ್ಲ. ಕಣ್ಣಿಗೆ ಕಾಣುವಂತೆ ಕೊಳೆಯಾದಾಗ ಅಥವಾ ಕೆಟ್ಟಾಗ ಮಾತ್ರ ಬದಲಿಸಬೇಕು, ಸುಮ್ಮನೆ ಬಿಚ್ಚಿ ಹಾಕೋದ್ರಿಂದ ಲಾಭ ಇಲ್ಲ. ಮೂಗಿನ ನಳಿಗೆಯಿಂದ ಹೊಟ್ಟೆಗೆ ಆಹಾರ ಬೇಗ ಶುರು ಮಾಡೋದು, ಫಿಸಿಯೋಥೆರಪಿಯವರು ಕೈಕಾಲು ಆಡಿಸೋದು, ಆದಷ್ಟು ಬೇಗ ಎಬ್ಬಿಸಿ ಕೂರಿಸೋದು, ಇವೂ ಪಟ್ಟಿಯಲ್ಲಿವೆ.

ಇನ್ನು ಕೈ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ಪ್ರತಿಸಲ ಕೈ ಶುಚಿ. ಡಾಕ್ಟರಿಗೂ ಅಷ್ಟೇ, ಸಿಸ್ಟರ್‌ಗೂ ಅಷ್ಟೇ, ಹಣೆಗೆ ವಿಭೂತಿ ಹಚ್ಚೋಕೆ ಹೋಗುವ ನಮಗೂ ಅಷ್ಟೇ.

ಸೊನ್ನೆ ಅನ್ನೋ ಅಂಕಿ

ಇದೆಲ್ಲ ಬಿಡಿಬಿಡಿಯಾಗಿ ಸಣ್ಣ ಕೆಲಸಗಳು. ಅದಕ್ಕೇ 2004ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಲಕ್ಷ ಜೀವ ಉಳಿಸುವ ಅಭಿಯಾನದಲ್ಲಿ ಇಂಥ ಕೆಲಸಗಳನ್ನ ಒಂದು ಕಟ್ಟಾಗಿ ಕಟ್ಟಿ, ಕಟ್ಟಿನಲ್ಲಿರುವ ಎಲ್ಲವನ್ನೂ ಎಲ್ಲ ರೋಗಿಗೂ ದಿನಾ ಮಾಡಿ ಅಂತ ಆಸ್ಪತ್ರೆಗಳಿಗೆ ಹೇಳಿದರು. ಮಿಷಿಗನ್ ರಾಜ್ಯದ 112 ಐಸಿಯುಗಳ ಫಲಿತಾಂಶ 2011ರಲ್ಲಿ ಪ್ರಕಟವಾಯ್ತು. ಪ್ರತಿ 1000 ವೆಂಟಿಲೇಟರ್ ದಿನಕ್ಕೆ ವ್ಯಾಪ್‌ನ ನಡುವಿನ ಅಂಕಿ 5.5ರಿಂದ ಸೊನ್ನೆಗೆ ಇಳಿದಿತ್ತು. ಕಟ್ಟಿನ ಎಲ್ಲ ಕೆಲಸ ಸರಿಯಾಗಿ ನಡೆದ ದಿನಗಳು 32 ಶೇಕಡಾದಿಂದ 84 ಶೇಕಡಾಕ್ಕೆ ಏರಿದ್ದವು.

ಓದಿ ಖುಷಿಯಾಯ್ತು. ಆಮೇಲೆ ಇನ್ನೊಂದು ಲೆಕ್ಕ ಸಿಕ್ಕಿತು. ಆಸ್ಪತ್ರೆಗಳು ತಾವೇ ಕೊಟ್ಟ ಅಂಕಿ ಬಿಟ್ಟು, ಹೊರಗಿನವರು ಕೇಸ್‌ಶೀಟುಗಳನ್ನ ತೆಗೆದು ಓದಿ ಮಾಡಿದ ಲೆಕ್ಕ 2016ರಲ್ಲಿ ಬಂತು. ಅಮೆರಿಕದ ಮೆಡಿಕೇರ್ ರೋಗಿಗಳಲ್ಲಿ ವೆಂಟಿಲೇಟರ್ ಮೇಲಿದ್ದ ಪ್ರತಿ 100 ಜನರಲ್ಲಿ ವ್ಯಾಪ್ ಆದವರು 2005-06ರಲ್ಲಿ 10.8, 2012-13ರಲ್ಲಿ 9.7. ಅಂದ್ರೆ ಹೆಚ್ಚೇನೂ ಬದಲಾಗಿಲ್ಲ.

ಎರಡೂ ಒಂದೇ ಆಸ್ಪತ್ರೆಗಳ ಅಂಕಿ ಅಲ್ಲ, ನೇರ ಹೋಲಿಸೋಕಾಗಲ್ಲ. ಆದರೂ ಪ್ರಶ್ನೆ ಉಳಿಯುತ್ತೆ. ಜ್ವರ, ಬಿಳಿ ರಕ್ತಕಣ, ಕಫದ ಬಣ್ಣ, ಎಕ್ಸ್‌ರೇ ಮಚ್ಚೆ, ಇದನ್ನೆಲ್ಲ ಕೂಡಿಸಿ "ಇದು ವ್ಯಾಪ್" ಅನ್ನಬೇಕು. ಒಬ್ಬರಿಗೆ ಹೌದು ಅನ್ನಿಸಿದ್ದು ಇನ್ನೊಬ್ಬರಿಗೆ ಅಲ್ಲ ಅನ್ನಿಸಬಹುದು. ಸೊನ್ನೆ ತೋರಿಸಿದವರಿಗೆ ಶಹಬ್ಬಾಸ್ ಸಿಗುವಾಗ ಅನುಮಾನದ ಕೇಸುಗಳು ಯಾವ ಕಡೆ ವಾಲುತ್ತವೆ ಅಂತ ಹೇಳಬೇಕಾಗಿಲ್ಲ. ಟಿಕೆಟ್ ಎಣಿಕೆ ಕಡಿಮೆ ಮಾಡಿ ಅಂದ್ರೆ ಬಗ್ ಕಡಿಮೆ ಆಗುತ್ತೋ, ಟಿಕೆಟ್ ಹಾಕೋದು ಕಡಿಮೆ ಆಗುತ್ತೋ ನಮಗೆ ಗೊತ್ತಿದೆ. 2013ರಿಂದ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಣಿಕೆಯ ವಿಧಾನವನ್ನೇ ಬದಲಿಸಿತು: ಸ್ಥಿರವಾಗಿದ್ದ ರೋಗಿಗೆ ಯಂತ್ರದ ಆಮ್ಲಜನಕ ಅಥವಾ ಒತ್ತಡ ಮತ್ತೆ ಏರಿಸಬೇಕಾಯ್ತಾ ಅಂತ ಮೊದಲು ನೋಡಿ. ಯಂತ್ರದ ಅಂಕಿಗೆ ಅಭಿಪ್ರಾಯ ಇರಲ್ಲ.

ಈ ಭಾಗದಿಂದ ನಾನು ತಗೊಂಡದ್ದು ಒಂದೇ: "ನಮ್ಮಲ್ಲಿ ಇನ್‌ಫೆಕ್ಷನ್ನೇ ಇಲ್ಲ" ಅನ್ನೋ ಆಸ್ಪತ್ರೆಗಿಂತ, "ಹೋದ ತಿಂಗಳು ಇಷ್ಟಾಯ್ತು, ಅದಕ್ಕೆ ಇದು ಮಾಡ್ತಿದ್ದೀವಿ" ಅನ್ನೋ ಆಸ್ಪತ್ರೆಯನ್ನ ನಾನು ಹೆಚ್ಚು ನಂಬ್ತೀನಿ.

ನಾವು ಏನು ಕೇಳಬೇಕು?

ದಿನಕ್ಕೊಮ್ಮೆ ಐದು ಹತ್ತು ನಿಮಿಷ ಡಾಕ್ಟರು ಸಿಗ್ತಾರೆ. ನಾನು ಮೊದಲ ನಾಲ್ಕು ದಿನ ಕೇಳಿದ್ದು "ಹೇಗಿದ್ದಾರೆ?" ಅಂತ ಮಾತ್ರ. ಅದಕ್ಕೆ ಬರೋ ಉತ್ತರ "ಹಾಗೇ ಇದ್ದಾರೆ." ಅದರ ಬದಲು ಇವನ್ನ ಕೇಳಿ:

1. ಇವತ್ತು ನಿದ್ದೆ ಔಷಧಿ ನಿಲ್ಲಿಸಿ ನೋಡಿದ್ರಾ? ಇಲ್ಲದಿದ್ದರೆ ಕಾರಣ ಏನು?
2. ಸ್ವಂತ ಉಸಿರಾಟದ ಪರೀಕ್ಷೆ ಆಯ್ತಾ? ಟ್ಯೂಬ್ ತೆಗೆಯೋಕೆ ಈಗ ಏನು ಅಡ್ಡಿ ಇದೆ?
3. ತಲೆ ಕಡೆ ಎತ್ತರ ಎಷ್ಟಿರಬೇಕು? ಅಷ್ಟಿದೆಯಾ?
4. ಹಲ್ಲು ಉಜ್ಜಿಸಿದ್ರಾ? ಬ್ರಷ್ ತಂದುಕೊಡಬೇಕಾ?
5. ಜ್ವರ, ಕಫ, ಆಮ್ಲಜನಕದ ಅಗತ್ಯ, ಇವು ನಿನ್ನೆಗಿಂತ ಹೇಗಿವೆ?

ಉತ್ತರ "ಇವತ್ತು ಆಗಲ್ಲ" ಅಂತ ಇರಬಹುದು, ಅದಕ್ಕೆ ಸರಿಯಾದ ಕಾರಣ ಇರಬಹುದು. ತಲೆಗೆ ಪೆಟ್ಟು, ಫಿಟ್ಸ್, ಬಿಪಿ ಏರುಪೇರು ಇದ್ದರೆ ನಿದ್ದೆ ಔಷಧಿ ನಿಲ್ಲಿಸೋಕಾಗಲ್ಲ. ಬೆನ್ನುಮೂಳೆ ಮುರಿದಿದ್ದರೆ ಹಾಸಿಗೆ ಮಡಚೋಕಾಗಲ್ಲ. ಜಗಳ ಬೇಡ. ಮನೆಯವರು ದಿನಾ ಇದೇ ಕೇಳ್ತಾರೆ ಅಂತ ಗೊತ್ತಾದರೆ ಆ ಪ್ರಶ್ನೆ ಬೆಳಗಿನ ರೌಂಡ್ಸ್‌ನಲ್ಲೂ ಏಳುತ್ತೆ. ದೂರದಲ್ಲಿದ್ದರೆ ಮನೆಯ ಒಬ್ಬರೇ ಡಾಕ್ಟರ ಜೊತೆ ಮಾತಾಡಲಿ, ಐದು ಉತ್ತರ ಬರೆದು ವಾಟ್ಸಾಪ್‌ಗೆ ಹಾಕಲಿ. ಹತ್ತು ಜನ ಹತ್ತು ಸಲ ಫೋನ್ ಮಾಡಿದರೆ ಸಿಸ್ಟರ್ ಫೋನ್ ಎತ್ತೋಕೆ ಹೋಗಬೇಕಾಗುತ್ತೆ. ಆ ಹತ್ತು ನಿಮಿಷದಲ್ಲಿ ಒಬ್ಬರ ಹಲ್ಲು ಉಜ್ಜಬಹುದು.

ಐದನೇ ದಿನದಿಂದ ನಾನೂ ಕೇಳೋಕೆ ಶುರು ಮಾಡಿದೆ. ಹಾಸಿಗೆ ಇಳಿಸಿಸಿದ ಸಿಸ್ಟರ್ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಅವರು "ಎಲ್ಲಾರೂ ಹಂಗ ಹೇಳ್ತಾರ್ರೀ" ಅಂತ ನಕ್ಕರು. ದೊಡ್ಡಪ್ಪನ ಟ್ಯೂಬ್ ಹೊರಬಂದದ್ದು 14ನೇ ದಿನ. ಕೈಕಾಲಿಗೆ ಶಕ್ತಿ ಆರನೇ ದಿನವೇ ಮರಳೋಕೆ ಶುರುವಾಗಿತ್ತು. ನಡುವಿನ ಆ ದಿನಗಳೆಲ್ಲ ಹಾವಿನ ಲೆಕ್ಕಕ್ಕಿಂತ ನ್ಯುಮೋನಿಯಾದ ಲೆಕ್ಕಕ್ಕೇ ಹೆಚ್ಚು ಸೇರಿದ್ದು. ಬಿಲ್ಲು ಕಟ್ಟೋಕೆ ತಮ್ಮ ಒಂದು ಜೋಡಿ ಎತ್ತು ಮಾರಿದ. ಅದನ್ನ ದೊಡ್ಡಪ್ಪನಿಗೆ ಹೇಳೋಕೆ ಯಾರಿಗೂ ಧೈರ್ಯ ಇರಲಿಲ್ಲ. ಮನೆಗೆ ಬಂದು ಕೊಟ್ಟಿಗೆ ನೋಡಿ ಅವರೇ ತಿಳ್ಕೊಂಡರು.

ಈಗ ಅವರು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನ ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗ್ತಾರೆ. ಕಟ್ಟುಹಾವಿನಿಂದ ದೂರ ಇರೋಕೆ ಅದಕ್ಕಿಂತ ಸುಲಭ ಉಪಾಯ ಇಲ್ಲ. ನಿಮ್ಮ ಊರಲ್ಲೂ ಯಾರಾದರೂ ನೆಲದ ಮೇಲೆ ಮಲಗೋರಿದ್ದರೆ, ಈ ವಾರ ಫೋನ್ ಮಾಡಿದಾಗ ಆ ಮಾತು ಹೇಳಿ. ಐದು ಪ್ರಶ್ನೆಗಳನ್ನ ಫೋನಿನಲ್ಲಿ ಉಳಿಸಿಕೊಳ್ಳಿ. ಅವು ನಿಮಗೆ ಯಾವತ್ತೂ ಬೇಕಾಗದೇ ಇರಲಿ.

ಮುಂದಿನ ಭಾನುವಾರ ಮತ್ತೆ ಸಿಗೋಣ.